ನೆನಪಿರಲಿ, ಜ್ವರ ಬೇಡ

ಏಪ್ರಿಲ್ ಬಂತೆಂದರೆ ನಮ್ಮ ಅಟ್ಲಾಂಟಾದಲ್ಲಿ ಕಾರುಗಳ ಮೇಲೆಲ್ಲ ಹಳದಿ ಪರಾಗ. ಮೂಗೊರೆಸಿಕೊಳ್ಳುತ್ತ ಕೂತಿದ್ದ ಅಂಥದೊಂದು ಭಾನುವಾರ ತೀರ್ಥಹಳ್ಳಿಯಿಂದ ಅಮ್ಮನ ಫೋನು. ಅಣ್ಣನ ಮಗಳಿಗೆ ಇಲ್ಲಿ ಎಂ.ಎಸ್. ಸೀಟು ಸಿಕ್ಕಿದೆಯಂತೆ, ಮೊದಲ ಕೆಲವು ತಿಂಗಳು ನಮ್ಮ ಮನೆಯಲ್ಲಿ ಇರಬಹುದೇ ಎಂದು ಕೇಳಿದಳು. ನಾನು ಸುಮ್ಮನಾದೆ. ಅಪ್ಪ ತೀರಿಕೊಂಡ ಮೇಲೆ ತೋಟದ ಪಾಲಿನ ವಿಷಯದಲ್ಲಿ ಅಣ್ಣ ಕೊಟ್ಟ ಮಾತಿಗೆ ತಪ್ಪಿದ್ದ. ನಾವು ಮಾತಾಡಿ ಹನ್ನೊಂದು ವರ್ಷವಾಗಿತ್ತು. "ಹಳೇದೆಲ್ಲ ಮರೆತುಬಿಡೋ" ಎಂದಳು ಅಮ್ಮ.

ಮರೆಯದೆ ಕ್ಷಮಿಸಲು ಬರುವುದಿಲ್ಲವೇ? ಪ್ರಯೋಗಾಲಯದಲ್ಲಿ ಲಸಿಕೆಗಳ ನಡುವೆ ದುಡಿಯುವ ನನಗೆ ಆಗ ನೆನಪಾದದ್ದು ಫ್ಯಾರೋ ದ್ವೀಪಗಳು. 1846ರಲ್ಲಿ ಅಲ್ಲಿ ದಡಾರ ಹರಡಿತು. ಇದ್ದ ಸುಮಾರು 7,800 ಜನರಲ್ಲಿ ಸುಮಾರು 6,000 ಮಂದಿ ಮಲಗಿದರು. ಡೆನ್ಮಾರ್ಕ್ ಸರ್ಕಾರ ಕಳಿಸಿದ ಯುವ ವೈದ್ಯ ಪೀಟರ್ ಪಾನುಮ್ ಒಂದು ಸಂಗತಿ ಗಮನಿಸಿದ. ಅಲ್ಲಿ ಹಿಂದಿನ ಸಲ ದಡಾರ ಬಂದದ್ದು 1781ರಲ್ಲಿ. ಆಗ ಕಾಯಿಲೆ ಬಿದ್ದು ಎದ್ದ, ಈಗ ಮುದುಕರಾಗಿದ್ದವರಲ್ಲಿ ಒಬ್ಬರಿಗೂ ಅದು ಮತ್ತೆ ತಗುಲಲಿಲ್ಲ. 65 ವರ್ಷವಾದರೂ ಅವರ ಮೈ ಮರೆತಿರಲಿಲ್ಲ.

ಆದರೆ ಆ 65 ವರ್ಷವೂ ಅವರು ಜ್ವರದಲ್ಲಿ ನರಳಲಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಇದು. ಸೋಂಕು ಇಳಿದ ಮೇಲೆ, ಅದರ ವಿರುದ್ಧ ಹೋರಾಡಿದ ಬಿಳಿ ರಕ್ತಕಣಗಳಲ್ಲಿ ಬಹುಪಾಲು ಸಾಯುತ್ತವೆ. ಕೆಲವು ಮೂಳೆಯ ಮಜ್ಜೆಯಲ್ಲಿ ಕೂತು ಪ್ರತಿಕಾಯಗಳನ್ನು ತಯಾರಿಸುತ್ತಿರುತ್ತವೆ. ಇನ್ನು ಕೆಲವು ನೆನಪಿನ ಕೋಶಗಳಾಗಿ ಸದ್ದಿಲ್ಲದೆ ಉಳಿದು, ಅದೇ ವೈರಾಣು ಮತ್ತೆ ಬಂದರಷ್ಟೇ ಎದ್ದೇಳುತ್ತವೆ. ಹೋರಾಟ ಮುಗಿದರೂ ಉರಿಯೂತ ನಿಲ್ಲದಿದ್ದರೆ ಕೆಡುವುದು ನಮ್ಮದೇ ಅಂಗಾಂಗ.

ಹಾಗಾದರೆ ಅಮ್ಮ ಹೇಳಿದಂತೆ ನೆನಪನ್ನೇ ಅಳಿಸಿಹಾಕಿದರೆ? ಅದಕ್ಕೂ ದಡಾರದಲ್ಲೇ ಉತ್ತರವಿದೆ. ಆ ವೈರಾಣು ನೆನಪಿನ ಕೋಶಗಳನ್ನೇ ಕೊಲ್ಲುತ್ತದೆ. ಲಸಿಕೆ ಪಡೆಯದೆ ದಡಾರಕ್ಕೆ ತುತ್ತಾದ ಮಕ್ಕಳಲ್ಲಿ, ಬೇರೆ ರೋಗಾಣುಗಳ ವಿರುದ್ಧ ಮೊದಲೇ ಇದ್ದ ಪ್ರತಿಕಾಯಗಳಲ್ಲಿ ಶೇ. 11ರಿಂದ 73ರಷ್ಟು ಕಳೆದುಹೋಗಿದ್ದವೆಂದು 2019ರ ಅಧ್ಯಯನವೊಂದು ತೋರಿಸಿತು. ಮರೆತ ಮೈ ಗುಣವಾದ ಮೈಯಲ್ಲ.

ನನ್ನ ಮೂಗು ಕಲಿಸುವುದು ಇನ್ನೊಂದು ಪಾಠ. ಪರಾಗ ಯಾರ ಶತ್ರುವೂ ಅಲ್ಲ. ಆದರೆ ಒಮ್ಮೆ ಅದನ್ನು ಶತ್ರುವೆಂದು ಗುರುತಿಟ್ಟುಕೊಂಡ ಮೈ ಪ್ರತಿ ವಸಂತದಲ್ಲೂ ಅದರ ಮೇಲೆ ದಂಡೆತ್ತಿ ಹೋಗುತ್ತದೆ. ನೆನಪು ಗಟ್ಟಿಯಾಗಿಯೇ ಇದೆ, ತಪ್ಪಿದ್ದು ಗುರುತು. ನಮ್ಮ ಜಗಳದ ಕಾಲಕ್ಕೆ ಅಣ್ಣನ ಮಗಳು ಹನ್ನೊಂದು ವರ್ಷದ ಹುಡುಗಿ. ಅವಳಿಗೆ ಬಾಗಿಲು ತೆರೆಯಲು ಹಿಂಜರಿದೆನಲ್ಲ, ಅದಕ್ಕೇನು ಹೆಸರು?

ದೇಹ ನೀತಿಯ ಗುರುವಲ್ಲ, ನಿಜ. ಅದಕ್ಕೆ ಆಯ್ಕೆಯಿಲ್ಲ. ಪರಾಗವನ್ನು ಸಹಿಸಿಕೋ ಎಂದು ನನ್ನ ಮೂಗಿಗೆ ತಿಳಿಹೇಳಲಾರೆ. ನನಗೆ ನಾನು ಹೇಳಿಕೊಳ್ಳಬಲ್ಲೆ. ಅಣ್ಣನ ಜೊತೆ ಮತ್ತೆ ಆಸ್ತಿಯ ಮಾತು ಬಂದರೆ ಎಲ್ಲವನ್ನೂ ಕಾಗದದಲ್ಲಿ ಬರೆಸಿಕೊಳ್ಳುತ್ತೇನೆ. ಅಷ್ಟು ನೆನಪು ಬೇಕು. ಅವನಾಡಿದ ಮಾತುಗಳನ್ನು ರಾತ್ರಿ ಮಲಗಿ ಮತ್ತೆ ಮತ್ತೆ ಕೇಳಿಸಿಕೊಳ್ಳುವುದು ಮಾತ್ರ ಜ್ವರ.

ಊರಲ್ಲಿ ಬೆಳಗಾಗುವುದನ್ನು ಕಾದು, ಅಮ್ಮನಿಗಲ್ಲ, ಅಣ್ಣನಿಗೇ ಫೋನ್ ಮಾಡಿದೆ. "ಅವಳು ಇಲ್ಲೇ ಇರಲಿ" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಣ್ಣ ಕೇಳಿದ: "ನೆಗಡಿ ಆಗಿದೆಯೇನೋ?"