ಕೈಪಿಡಿಯ ಕೊನೆಯ ಪುಟ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಚ್ಚು ದೂರವಲ್ಲದ ಒಂದು ಬಾಡಿಗೆ ಕೋಣೆಯಲ್ಲಿ ನಾವು ನಾಲ್ಕೈದು ಮಂದಿ ಸೇರಿ ಭಾನುವಾರಗಳಂದು ಕಂಪ್ಯೂಟರ್ ತರಗತಿ ನಡೆಸುತ್ತೇವೆ. ನೂಲು ಬಿಚ್ಚುವ ರೀಲರುಗಳ ಮಕ್ಕಳು, ಚನ್ನಪಟ್ಟಣದ ಗೊಂಬೆ ಕೆಲಸದವರ ಮನೆಯ ಹೆಣ್ಣುಮಕ್ಕಳು, ಮಾಗಡಿ ಮತ್ತು ಕನಕಪುರದ ಕಡೆಯಿಂದ ಬಸ್ಸು ಹತ್ತಿ ಬರುವ ಕೆಲವು ಹುಡುಗರು ನಮ್ಮ ವಿದ್ಯಾರ್ಥಿಗಳು. ಹಣ ಕೊಟ್ಟು ಕೊಳ್ಳುವ ತಂತ್ರಾಂಶ ನಮ್ಮ ಕೈಗೆ ಎಟುಕುವಂಥದ್ದಲ್ಲ. ಕದ್ದ ಪ್ರತಿಯನ್ನು ಹಾಕಿಕೊಂಡು ಮಕ್ಕಳಿಗೆ ಪಾಠ ಹೇಳಲು ಮನಸ್ಸು ಒಪ್ಪಲಿಲ್ಲ. ಹೀಗಾಗಿ ಲಿಬ್ರೆ ಆಫೀಸ್ ಎಂಬ ಮುಕ್ತ ತಂತ್ರಾಂಶವನ್ನು ಹಿಡಿದೆವು. ಅದರ ಇಂಗ್ಲಿಷ್ ಕೈಪಿಡಿಯನ್ನು ಆಧಾರವಾಗಿಟ್ಟುಕೊಂಡು, ನಮ್ಮ ಮಕ್ಕಳಿಗೆ ಬೇಕಾದ ಅರ್ಜಿ, ಲೆಕ್ಕದ ಪಟ್ಟಿ, ಬಿಲ್ಲುಗಳ ಉದಾಹರಣೆ ಸೇರಿಸಿ ಕನ್ನಡದಲ್ಲಿ ಒಂದು ಕೈಪಿಡಿ ಬರೆದೆವು. ಬರೆಯುವಾಗ ಇಲ್ಲದ ಜಗಳ ಬರೆದು ಮುಗಿದ ಮೇಲೆ ಶುರುವಾಯಿತು. ಕೊನೆಯ ಪುಟದಲ್ಲಿ ಏನೆಂದು ಅಚ್ಚು ಹಾಕಿಸಬೇಕು?

ಏನೂ ಬರೆಯದಿದ್ದರಾಯಿತು, ಬೇಕಾದವರು ಬಳಸಿಕೊಳ್ಳಲಿ ಎಂದು ನಮ್ಮಲ್ಲೊಬ್ಬರು ಹೇಳಿದರು. ಒಳ್ಳೆಯ ಮನಸ್ಸಿನ ಮಾತೇ. ಆದರೆ ಕಾನೂನು ಮೌನವನ್ನು ಸಮ್ಮತಿಯೆಂದು ತಿಳಿಯುವುದಿಲ್ಲ. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಗಳಿಗೆಯಿಂದಲೇ ಹಕ್ಕು ಬರೆದವನದು. ನೋಂದಣಿಯೂ ಬೇಕಿಲ್ಲ, ಆ ವೃತ್ತದೊಳಗಿನ ‘ಸಿ’ ಗುರುತೂ ಬೇಕಿಲ್ಲ. ಬರೆದವನು ಸತ್ತ ಮೇಲೂ 60 ವರ್ಷ ಆ ಹಕ್ಕು ಉಳಿಯುತ್ತದೆ. ನಾವು ಏನೂ ಹೇಳದೆ ಹೋದರೆ ಕನಕಪುರದ ಒಬ್ಬ ಮೇಷ್ಟ್ರು ನಮ್ಮ ಪಾಠವನ್ನು ತಿದ್ದಿ ಅಚ್ಚು ಹಾಕಿಸುವ ಮೊದಲು ನಮ್ಮನ್ನು, ನಾವಿಲ್ಲದಿದ್ದರೆ ನಮ್ಮ ಮಕ್ಕಳನ್ನು, ಹುಡುಕಿಕೊಂಡು ಬರಬೇಕು. ಉದಾರಿ ಎಂದುಕೊಂಡ ನಾವೇ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿ ಮರೆತಂತೆ.

‘ಫ್ರೀ’ ಎಂಬ ಒಂದೇ ಪದದಿಂದ ಇಂಗ್ಲಿಷಿನವರು ಪಡುವ ಪಾಡು ನಮಗಿಲ್ಲ. ಕನ್ನಡದಲ್ಲಿ ಉಚಿತ ಬೇರೆ, ಮುಕ್ತ ಬೇರೆ. ಉಚಿತವಾಗಿ ಸಿಕ್ಕಿದ್ದನ್ನು ಹಾಗೆಯೇ ಬಳಸಬಹುದು, ಅಷ್ಟೆ. ಮುಕ್ತವಾದದ್ದನ್ನು ಬಿಚ್ಚಿ, ತಿದ್ದಿ, ಇನ್ನೊಬ್ಬರಿಗೆ ಕೊಡಬಹುದು. ಕೈಪಿಡಿಯ ಮಟ್ಟಿಗೆ ಈ ವ್ಯತ್ಯಾಸ ಚಿಕ್ಕದಲ್ಲ. ಕಥೆ, ಕಾದಂಬರಿಗಳಂತೆ ಕೈಪಿಡಿ ಇದ್ದ ಹಾಗೆ ಉಳಿಯುವುದಿಲ್ಲ. ತಂತ್ರಾಂಶದ ಹೊಸ ಆವೃತ್ತಿ ಬಂದು ಒಂದು ಗುಂಡಿ ಎಡದಿಂದ ಬಲಕ್ಕೆ ಹೋದರೆ ಸಾಕು, ನಮ್ಮ ಇಡೀ ಅಧ್ಯಾಯ ಸುಳ್ಳು ಹೇಳತೊಡಗುತ್ತದೆ. ತಿದ್ದಲು ಅವಕಾಶವಿಲ್ಲದ ಕೈಪಿಡಿ ಎರಡು ವರ್ಷದಲ್ಲಿ ರದ್ದಿ ಅಂಗಡಿ ಸೇರುವ ಕಾಗದ.

ಈ ತೊಡಕನ್ನು ಮೊದಲೇ ಕಂಡವರು ಮುಕ್ತ ತಂತ್ರಾಂಶ ಚಳವಳಿಯವರೇ. ರಿಚರ್ಡ್ ಸ್ಟಾಲ್‌ಮನ್ ಸ್ಥಾಪಿಸಿದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 2000ದಲ್ಲಿ ಕೈಪಿಡಿಗಳಿಗೆಂದೇ ಗ್ನೂ ಮುಕ್ತ ದಾಖಲೆ ಪರವಾನಗಿಯನ್ನು ಹೊರತಂದಿತು. ಆದರೆ ಅದರಲ್ಲೊಂದು ವಿಚಿತ್ರ ಷರತ್ತು ಸೇರಿಕೊಂಡಿತು. ಬರೆದವನು ಬೇಕೆಂದರೆ ಕೆಲವು ಭಾಗಗಳನ್ನು, ಸಾಮಾನ್ಯವಾಗಿ ತನ್ನ ತತ್ವ ನಿಲುವುಗಳನ್ನು ಹೇಳುವ ಪ್ರಸ್ತಾವನೆಯಂಥವನ್ನು, ಯಾರೂ ಎಂದೆಂದಿಗೂ ಮುಟ್ಟಬಾರದೆಂದು ಗುರುತಿಸಬಹುದು. ಇದು ಮುಕ್ತವೇ ಎಂದು ಡೆಬಿಯನ್ ಬಳಗದವರು ವರ್ಷಗಟ್ಟಲೆ ವಾದಿಸಿದರು. 2006ರಲ್ಲಿ ಮತಕ್ಕೆ ಹಾಕಿ, ಇಂಥ ಅಚಲ ಭಾಗಗಳಿಲ್ಲದಿದ್ದರೆ ಮಾತ್ರ ಆ ಕೈಪಿಡಿಯನ್ನು ಮುಕ್ತವೆನ್ನಬಹುದು ಎಂದು ತೀರ್ಮಾನಿಸಿದರು. ತತ್ವಕ್ಕಾಗಿ ಹೋರಾಡಿದವರೇ ತಮ್ಮ ತತ್ವದ ಮಾತನ್ನು ಬೇರೆಯವರು ತಿದ್ದಬಾರದೆಂದರು! ನಗು ಬರುತ್ತದೆ ನಿಜ. ಆದರೆ ನಮ್ಮ ಕೈಪಿಡಿಗೂ ಎರಡು ಪುಟದ ಮುನ್ನುಡಿ ಇತ್ತು. ಅದರಲ್ಲಿ ನಮ್ಮ ತರಗತಿಯ ಹೊಗಳಿಕೆ ಸಾಕಷ್ಟಿತ್ತು. ಅದನ್ನು ಕಿತ್ತು ಹಾಕುವವನನ್ನು ನೆನೆದಾಗ ನಮಗೂ ಸ್ವಲ್ಪ ಕಸಿವಿಸಿಯಾದದ್ದು ಸುಳ್ಳಲ್ಲ.

ಇನ್ನೊಂದು ಸಣ್ಣ ತೊಂದರೆಯೂ ಆ ಪರವಾನಗಿಯಲ್ಲಿತ್ತು: ಪ್ರತಿಯೊಂದಿಗೆ ಪರವಾನಗಿಯ ಪೂರ್ಣ ಪಾಠವನ್ನೂ ಅಚ್ಚು ಹಾಕಬೇಕು. ಒಂದು ಹಾಳೆಯ ಪಾಠಕ್ಕೆ ಅದಕ್ಕಿಂತ ಉದ್ದದ ಕಾನೂನು ಬಾಲ. ವಿಕಿಪೀಡಿಯ 2009ರಲ್ಲಿ ಕ್ರಿಯೇಟಿವ್ ಕಾಮನ್ಸ್‌ನ ಬಿವೈ-ಎಸ್‌ಎ ಪರವಾನಗಿಗೆ ಹೊರಳಿದ್ದಕ್ಕೆ ಇಂಥ ತೊಡಕುಗಳೂ ಕಾರಣ. ಕನ್ನಡ ವಿಕಿಪೀಡಿಯವೂ ಅದರೊಂದಿಗೇ ಬಂತು. ಈ ಪರವಾನಗಿ ಕೇಳುವುದು ಮುಖ್ಯವಾಗಿ ಮೂರನ್ನೇ: ಬರೆದವರ ಹೆಸರು ಹೇಳಿ, ಏನು ಬದಲಿಸಿದ್ದೀರೆಂದು ತಿಳಿಸಿ, ತಿದ್ದಿ ಹಂಚಿದ್ದನ್ನು ಇದೇ ಷರತ್ತಿನಲ್ಲಿ ಮುಂದಿನವರಿಗೂ ಬಿಡಿ. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶವೂ ನಿರಂಜನರ ಕೃತಿಗಳೂ ಕ್ರಿಯೇಟಿವ್ ಕಾಮನ್ಸ್ ಅಡಿಯಲ್ಲಿ ಕನ್ನಡಿಗರ ಕೈಗೆ ಬಂದವು.

ಇಷ್ಟರವರೆಗೆ ನಮ್ಮಲ್ಲಿ ಹೆಚ್ಚು ಭಿನ್ನಾಭಿಪ್ರಾಯವಿರಲಿಲ್ಲ. ನಿಜವಾದ ಜಗಳ ದುಡ್ಡಿನದು. ಕ್ರಿಯೇಟಿವ್ ಕಾಮನ್ಸ್‌ನಲ್ಲೇ ‘ವಾಣಿಜ್ಯ ಬಳಕೆ ಸಲ್ಲದು’ ಎಂಬ ಇನ್ನೊಂದು ಷರತ್ತೂ ಇದೆ. ಬೇಕಾದವರು ಸೇರಿಸಿಕೊಳ್ಳಬಹುದು. ನಮ್ಮಲ್ಲಿ ಮೂವರು ಅದು ಬೇಕೇ ಬೇಕೆಂದರು. ನಾವು ರಾತ್ರಿ ಕುಳಿತು ಬಿಟ್ಟಿಯಾಗಿ ಬರೆದದ್ದನ್ನು ಬೆಂಗಳೂರಿನ ಯಾವನೋ ಪ್ರಕಾಶಕ ಬಣ್ಣದ ರಟ್ಟು ಹಾಕಿ ಮುನ್ನೂರು ರೂಪಾಯಿಗೆ ಮಾರಿದರೆ?

ಈ ಅಳುಕನ್ನು ತಳ್ಳಿಹಾಕುವಂತಿಲ್ಲ. ಮುಖ್ಯವಾಗಿ ಚನ್ನಪಟ್ಟಣದಲ್ಲಿ ನಿಂತು ತಳ್ಳಿಹಾಕುವಂತಿಲ್ಲ. ಹಾಲೆ ಮರವನ್ನು ಕಡೆದು, ಅರಗಿನ ಬಣ್ಣವನ್ನು ಬಿಸಿಯಲ್ಲೇ ಹತ್ತಿಸಿ, ತಾಳೆಗರಿಯಿಂದ ಹೊಳಪು ಕೊಡುವ ಆ ಕೆಲಸ ಗುಟ್ಟಾಗಿ ಉಳಿದದ್ದಲ್ಲ. ಜಪಾನಿನ ಅರಗು ಕೆಲಸದ ವಿಧಾನವನ್ನು ಊರಿನ ಕುಶಲಕರ್ಮಿಗಳಿಗೆ ಕಲಿಸಿದವರೆಂದು ಬಾವಾಸ್ ಮಿಯಾ ಅವರನ್ನು ಊರು ಇಂದಿಗೂ ನೆನೆಯುತ್ತದೆ. ಹೊರಗಿನಿಂದ ಬಂದ ವಿದ್ಯೆ, ಹಂಚಿದ್ದರಿಂದಲೇ ಬೆಳೆದ ವಿದ್ಯೆ. ಆದರೆ ಅದೇ ಗೊಂಬೆಯ ಆಕಾರವನ್ನು ಯಂತ್ರದಲ್ಲಿ ಅಗ್ಗವಾಗಿ ತೆಗೆದು ಪೇಟೆಗೆ ಸುರಿದಾಗ ಪೆಟ್ಟು ತಿಂದವರು ಕುಶಲಕರ್ಮಿಗಳು. 2005-06ರಲ್ಲಿ ಸಿಕ್ಕ ಭೌಗೋಳಿಕ ಗುರುತು ‘ಚನ್ನಪಟ್ಟಣದ ಗೊಂಬೆ’ ಎಂಬ ಹೆಸರಿಗೆ ಕಾವಲು ನಿಂತಿತು. ಹಾಗೆಂದು ಅಂಥ ಗೊಂಬೆಯನ್ನು ಬೇರೆ ಹೆಸರಿನಲ್ಲಿ ಮಾಡುವವನ ಕೈಯನ್ನು ಅದು ಹಿಡಿಯಲಾರದು. ಇದನ್ನು ಕಂಡವರು ‘ಎಲ್ಲವೂ ಎಲ್ಲರದು’ ಎಂಬ ಮಾತನ್ನು ಅನುಮಾನದಿಂದ ನೋಡಿದರೆ ಅದು ಸಂಕುಚಿತ ಮನಸ್ಸಲ್ಲ, ಹೊಟ್ಟೆಯ ಮಾತು.

ಆದರೆ ಗೊಂಬೆ ಮಾರಿ ಬದುಕುವವನ ನ್ಯಾಯವನ್ನು ಕೈಪಿಡಿಗೆ ತಂದು ಹಚ್ಚಬಹುದೇ? ನಕಲಿ ಗೊಂಬೆಯೊಂದು ಮಾರಾಟವಾದರೆ ಅಸಲಿ ಗೊಂಬೆಯೊಂದು ಅಂಗಡಿಯಲ್ಲಿ ಉಳಿಯುತ್ತದೆ. ನಮ್ಮ ಕೈಪಿಡಿಯ ಪ್ರತಿಯೊಂದು ಮಾರಾಟವಾದರೆ ನಮಗೆ ಆಗುವ ನಷ್ಟವೇನು? ನಾವು ಅದನ್ನು ಮಾರಿ ಬದುಕುತ್ತಿಲ್ಲ. ಹೊಟ್ಟೆಕಿಚ್ಚನ್ನು ನಷ್ಟವೆಂದು ಎಣಿಸಿದರೆ ಮಾತ್ರ ನಷ್ಟ.

ಈ ವಾದವನ್ನು ಮುಗಿಸಿದವನು ಚನ್ನಪಟ್ಟಣದ ಒಬ್ಬ ಜೆರಾಕ್ಸ್ ಅಂಗಡಿಯವನು. ಮೊದಲ ಕರಡಿನ ಪ್ರತಿ ತೆಗೆಸಲು ಹೋದಾಗ ಪುಟ ತಿರುವಿ ನೋಡಿ, “ಭಾಯ್, ಇದನ್ನ ಬೈಂಡ್ ಮಾಡಿ ಅಂಗಡೀಲಿಟ್ಟು ಅರವತ್ತು ರೂಪಾಯಿಗೆ ಮಾರ್ಲಾ? ಕಾಲೇಜು ಹುಡುಗ್ರು ದಿನಾ ಕೇಳ್ತಾರೆ” ಎಂದ. ‘ವಾಣಿಜ್ಯ ಬಳಕೆ ಸಲ್ಲದು’ ಎಂದು ಬರೆದರೆ ಮೊದಲು ತಡೆಯುವುದು ಇವನನ್ನೇ. ಮಾಗಡಿಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು ತಿಂಗಳಿಗೆ ಅಷ್ಟಿಷ್ಟು ಫೀಸು ಪಡೆದು ಟೈಪಿಂಗ್ ಕಲಿಸುವ ಹೆಣ್ಣುಮಗಳಿಗೂ ಆ ಮಾತು ಅಡ್ಡ ಬರುತ್ತದೆ. ಅವಳು ಶಿಕ್ಷಕಿಯೋ ವ್ಯಾಪಾರಿಯೋ? ನಮ್ಮ ಪೇಟೆಗಳಲ್ಲಿ ಈ ಎರಡನ್ನು ಬೇರ್ಪಡಿಸುವ ಗೆರೆಯೇ ಇಲ್ಲ. ದೆಹಲಿ ವಿಶ್ವವಿದ್ಯಾಲಯದ ಆವರಣದ ಒಂದು ಜೆರಾಕ್ಸ್ ಅಂಗಡಿಯ ಮೇಲೆ 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಂಥ ದೊಡ್ಡ ಪ್ರಕಾಶಕರು ದಾವೆ ಹೂಡಿದ್ದರು. 2016ರಲ್ಲಿ ದೆಹಲಿ ಹೈಕೋರ್ಟ್ ಪಾಠಕ್ಕಾಗಿ ಮಾಡುವ ಪ್ರತಿಗಳ ಪರವಾಗಿ ತೀರ್ಪು ಕೊಟ್ಟಿತು. ಅಂದು ನಾವೆಲ್ಲ ಅಂಗಡಿಯವನ ಪಕ್ಷ. ಈಗ ಅಂಥದೇ ಅಂಗಡಿಯವನಿಗೆ ನಾವೇ ಬೇಡವೆನ್ನುವುದೇ?

ಇನ್ನೊಂದು ಮಾತು. ನಾವು ಆಧಾರವಾಗಿಟ್ಟುಕೊಂಡ ಲಿಬ್ರೆ ಆಫೀಸ್ ಕೈಪಿಡಿಯನ್ನು ಬರೆದವರು ಬೇರೆ ಬೇರೆ ದೇಶಗಳ ಸ್ವಯಂಸೇವಕರು. ಅವರು ಕೊಟ್ಟಿರುವ ಪರವಾನಗಿಗಳಲ್ಲಿ ಒಂದಾದ ಬಿವೈಯಂತೆ ಹೆಸರು ಹೇಳಿದರೆ ಸಾಕು, ನಮ್ಮ ರೂಪಾಂತರಕ್ಕೆ ನಾವು ಬೀಗ ಹಾಕಿಕೊಂಡರೂ ಕಾನೂನು ತಡೆಯುವುದಿಲ್ಲ. ಆದರೆ ಮಾರಾಟವನ್ನೂ ನಿಷೇಧಿಸದೆ ಅವರು ನಮಗೆ ಕೊಟ್ಟದ್ದನ್ನು ನಾವು ನಿಷೇಧ ಸೇರಿಸಿ ಮುಂದಿನವರಿಗೆ ಕೊಡುವುದು ಯಾವ ಲೆಕ್ಕ? ಬಿವೈ-ಎಸ್‌ಎಯಲ್ಲಿ ಬೆಂಗಳೂರಿನ ಆ ಪ್ರಕಾಶಕ ಬಂದರೂ ಬರಲಿ. ಅವನು ಮುನ್ನೂರಕ್ಕೆ ಮಾರಿದ ಪುಸ್ತಕವನ್ನು ನಮ್ಮ ಜೆರಾಕ್ಸಿನವನು ಅರವತ್ತಕ್ಕೆ ಪ್ರತಿ ತೆಗೆಯಬಹುದು.

ಪರವಾನಗಿ ಎಂಬ ಪದವೇ ಪಾರಸಿಯ ‘ಪರ್ವಾನಾ’ದ ದಾರಿಯಿಂದ ಕನ್ನಡಕ್ಕೆ ಬಂದದ್ದು. ಮದ್ರಸಗಳಲ್ಲಿ ಗುರು ಶಿಷ್ಯನಿಗೆ ಕೊಡುವ ಇಜಾಝತ್ ಕೂಡ ಅನುಮತಿಯೇ: ನನ್ನಿಂದ ಕಲಿತದ್ದನ್ನು ನೀನು ಮುಂದೆ ಕಲಿಸಬಹುದು, ಯಾರಿಂದ ಯಾರಿಗೆ ಬಂತೆಂಬ ಹೆಸರುಗಳ ಸರಪಳಿಯನ್ನು ಮಾತ್ರ ಕಡಿಯಬೇಡ. ಆ ಅನುಮತಿಯನ್ನು ಕೊಟ್ಟವರಿಗೆ ತಪ್ಪಾಗಿ ಕಲಿಸುವವರ ಭಯ ಇದ್ದೇ ಇತ್ತು. ಅದಕ್ಕೇ ಹೆಸರಿಗೆ ಅಷ್ಟು ಬೆಲೆ.

ಕೊನೆಗೆ ಬಿವೈ-ಎಸ್‌ಎ ಎಂದೇ ಅಚ್ಚಾಯಿತು. ಮುನ್ನುಡಿಯನ್ನು ಅರ್ಧ ಪುಟಕ್ಕೆ ಇಳಿಸಿದೆವು. ಆರು ತಿಂಗಳಾದ ಮೇಲೆ ಕನಕಪುರದ ಕಡೆಯಿಂದ ಒಂದು ಪ್ರತಿ ನಮ್ಮ ಕೈಗೆ ಬಂತು. ಯಾರೋ ಮೂರನೆಯ ಅಧ್ಯಾಯವನ್ನು ಹೊಸದಾಗಿ ಬರೆದಿದ್ದರು, ರೇಷ್ಮೆಗೂಡಿನ ತೂಕದ ಲೆಕ್ಕ ಹಾಕುವ ಪಟ್ಟಿಯೊಂದನ್ನು ಸೇರಿಸಿದ್ದರು. ಒಂದು ಸೂತ್ರ ತಪ್ಪಿತ್ತು. ಬದಲಿಸಿದ್ದೇವೆಂದು ಎಲ್ಲೂ ಹೇಳಿರಲಿಲ್ಲ, ಮುಖಪುಟದಲ್ಲಿ ನಮ್ಮ ಹೆಸರೇ ಇತ್ತು. ಷರತ್ತು ಮುರಿದದ್ದು ಅವರು, ಬೈಗುಳ ತಿಂದದ್ದು ನಾವು. ನಮ್ಮಲ್ಲಿ ಆ ಮೂವರು “ಹೇಳಿರಲಿಲ್ವಾ?” ಎಂದರು. ಉತ್ತರ ಹೇಳುವುದು ಕಷ್ಟವಾಯಿತು. ಆದರೆ ಆ ಪಟ್ಟಿ, ಸೂತ್ರವನ್ನು ಸರಿಪಡಿಸಿದ ಮೇಲೆ, ನಮ್ಮದಕ್ಕಿಂತ ಚೆನ್ನಾಗಿತ್ತು. ಎರಡನೆಯ ಮುದ್ರಣದಲ್ಲಿ ಅದನ್ನು ಸೇರಿಸಿಕೊಂಡಿದ್ದೇವೆ. ಬರೆದವರ ಹೆಸರಿಗೆಂದು ಒಂದು ಸಾಲು ಖಾಲಿ ಬಿಟ್ಟು, ಆ ಮೇಷ್ಟ್ರು ಯಾರೆಂದು ಕನಕಪುರದಲ್ಲಿ ಈಗಲೂ ವಿಚಾರಿಸುತ್ತಿದ್ದೇವೆ.