ಮುಚ್ಚಿಡಬೇಡಿ, ತೋರಿಸಿಕೊಳ್ಳಿ

 

ಲೂಕ 17ನೇ ಅಧ್ಯಾಯ ತೆರೆಯಿರಿ, 11ರಿಂದ 19ನೇ ವಚನ. ಹತ್ತು ಮಂದಿ ಕುಷ್ಠರೋಗಿಗಳು ದೂರದಲ್ಲೇ ನಿಂತು ಯೇಸುವನ್ನ ಕೂಗ್ತಾರೆ. ಆತನು ಅವರನ್ನ ಎಲ್ಲಿಗೆ ಕಳಿಸಿದನು? ಯಾಜಕರ ಹತ್ತಿರ, ಮೈ ತೋರಿಸಲಿಕ್ಕೆ. ನಾವಾಗಿದ್ರೆ, "ಮೊದಲು ವಾಸಿಮಾಡು ಕರ್ತನೇ, ಆಮೇಲೆ ಹೋಗ್ತೀವಿ" ಅಂತಿದ್ವಿ. ಅವರು ಹೊರಟರು, ದಾರಿಯಲ್ಲೇ ಶುದ್ಧರಾದರು. ಯಾಜಕಕಾಂಡ 13 ಓದಿ ನೋಡಿ. ಯಾಜಕನು ಚರ್ಮದ ಕಲೆಯನ್ನ ಪರೀಕ್ಷಿಸ್ತಿದ್ದ, ಸಂಶಯ ಇದ್ದರೆ ಏಳು ದಿನ ಬಿಟ್ಟು ಮತ್ತೆ ನೋಡ್ತಿದ್ದ. ಸೌಖ್ಯ ಕೊಡುವ ಕರ್ತನೇ ಪರೀಕ್ಷೆಗೂ ಕಳಿಸ್ತಾನೆ. ಹಲ್ಲೆಲೂಯಾ!

ಕುಷ್ಠ ಲೈಂಗಿಕ ರೋಗವಲ್ಲ, ಅದು ನಿಮಗೆ ಗೊತ್ತು. ಆದರೆ ಆ ಹತ್ತು ಜನರ ಹಾಗೆ ಇವತ್ತೂ ನಾಚಿಕೆಯಿಂದ ದೂರ ನಿಂತವರು ನಮ್ಮ ಮಧ್ಯೆ ಇದ್ದಾರೆ. ಅದಕ್ಕೇ ಇವತ್ತು ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕುಗಳ ಬಗ್ಗೆ ಮಾತಾಡ್ತೇನೆ. ಯಾರೂ ತಲೆ ತಗ್ಗಿಸಬೇಡಿ.

ಮೊದಲು ನನ್ನ ತಪ್ಪು ಹೇಳ್ತೇನೆ. ಕೆಲವು ವರ್ಷಗಳ ಹಿಂದೆ ಒಬ್ಬ ಸಹೋದರ ಕೂಟ ಮುಗಿದ ಮೇಲೆ ಬಂದ. "ಬ್ರದರ್, ರಕ್ಷಣೆ ಹೊಂದುವ ಮುಂಚೆ ತಪ್ಪು ಮಾಡಿದ್ದೆ. ಒಂದು ಹುಣ್ಣಾಗಿತ್ತು, ನೋವೇ ಇರಲಿಲ್ಲ. ಪ್ರಾರ್ಥನೆ ಮಾಡಿದೆ, ಹೋಯ್ತು" ಅಂದ. ನಾನು ತಲೆ ಮೇಲೆ ಕೈಯಿಟ್ಟು, ಕರ್ತನಿಗೆ ಸ್ತೋತ್ರ ಹೇಳಿ ಕಳಿಸಿದೆ. ಎರಡೇ ತಿಂಗಳಲ್ಲಿ ಅವನ ಮದುವೆ. ಹೆಂಡತಿ ಗರ್ಭಿಣಿಯಾದಾಗ ರಕ್ತ ಪರೀಕ್ಷೆಯಲ್ಲಿ ಸಿಫಿಲಿಸ್ ಅಂತ ಬಂತು. ಬೇಗ ಗೊತ್ತಾಯ್ತು, ಇಬ್ಬರಿಗೂ ಪೆನಿಸಿಲಿನ್ ಇಂಜೆಕ್ಷನ್ ಆಯ್ತು, ಕರ್ತನ ಕೃಪೆಯಿಂದ ಮಗು ಚೆನ್ನಾಗಿದೆ. ಆದರೆ ಆ ತಂಗಿ ನನ್ನನ್ನ ಕೇಳಿದ್ಲು, "ಪಾಸ್ಟರ್, ನಿಮಗೆ ಮೊದಲೇ ಗೊತ್ತಿತ್ತಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಇದನ್ನ ಹೇಳಿ ಅಂತ ಅವರಿಬ್ಬರೇ ನನಗೆ ಹೇಳಿದ್ದಾರೆ.

ನನಗೆ ಆಗ ಗೊತ್ತಿಲ್ಲದ್ದನ್ನ ನೀವು ತಿಳ್ಕೊಳ್ಳಿ. ಸಿಫಿಲಿಸ್ ಹುಣ್ಣು 3ರಿಂದ 6 ವಾರದಲ್ಲಿ ಔಷಧಿ ಇಲ್ಲದೆಯೂ ಮಾಯುತ್ತೆ. ಹುಣ್ಣು ಹೋಗುತ್ತೆ, ರೋಗಾಣು ಹೋಗಲ್ಲ. ವರ್ಷಗಳಾದ ಮೇಲೆ ಅದು ಹೃದಯ, ಮೆದುಳನ್ನ ಹಾಳುಮಾಡಬಹುದು. ಗೊನೋರಿಯಾ, ಕ್ಲಮೈಡಿಯಾ ಇದ್ದರೂ ಎಷ್ಟೋ ಹೆಣ್ಣುಮಕ್ಕಳಿಗೆ ಯಾವ ಲಕ್ಷಣವೂ ಕಾಣಲ್ಲ, ಮುಂದೆ ಮಕ್ಕಳಾಗೋದಕ್ಕೆ ತೊಂದರೆಯಾಗಬಹುದು. ಈ ಮೂರಕ್ಕೂ ವಾಸಿಮಾಡುವ ಔಷಧಿ ಇದೆ. ಆದರೆ ಮೆಡಿಕಲ್ ಸ್ಟೋರ್‌ನಲ್ಲಿ ನೀವೇ ಕೇಳಿ ಮಾತ್ರೆ ತಗೋಬೇಡಿ. ಡಾಕ್ಟರಿಗೆ ತೋರಿಸಿ, ಸಂಗಾತಿಗೂ ಚಿಕಿತ್ಸೆ ಕೊಡಿಸಿ. ಇಲ್ಲದಿದ್ರೆ ಸೋಂಕು ತಿರುಗಿ ಬರುತ್ತೆ.

ಎಚ್‌ಐವಿ ಪೂರ್ತಿ ಹೋಗಲ್ಲ, ಆದರೆ ದಿನಾ ಎಆರ್‌ಟಿ ಮಾತ್ರೆ ತಗೊಂಡವರು ಕೆಲಸ, ಮದುವೆ, ಮಕ್ಕಳು ಅಂತ ಬದುಕ್ತಾರೆ. ಮಾತ್ರೆಯಿಂದ ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಕಡಿಮೆಯಾಗಿ ಹಾಗೇ ಉಳಿದರೆ, ಲೈಂಗಿಕವಾಗಿ ಅದು ಸಂಗಾತಿಗೆ ಹರಡಲ್ಲ. ನಮ್ಮ ದೇಶದಲ್ಲಿ 2004ರಿಂದ ಸರ್ಕಾರ ಈ ಮಾತ್ರೆಯನ್ನ ಉಚಿತವಾಗಿ ಕೊಡ್ತಿದೆ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ ಪರೀಕ್ಷೆಯೂ ಉಚಿತ, ಗುಟ್ಟಾಗಿ ಇಡ್ತಾರೆ. 1097ಕ್ಕೆ ಫೋನ್ ಮಾಡಿ ಕೇಳಬಹುದು. ಅಪಾಯವಾಗಿದೆ ಅನ್ನಿಸಿದ್ರೆ 72 ಗಂಟೆಯೊಳಗೆ ಆಸ್ಪತ್ರೆಗೆ ಓಡಿ, ಸೋಂಕು ತಡೆಯುವ ಮಾತ್ರೆ ಇದೆ.

ಈಗ ಪೆಂಟೆಕೊಸ್ಟಲ್ ಜನರಾದ ನಮಗೇ ಒಂದು ಮಾತು. ಪ್ರಾರ್ಥನೆ ಮಾಡಿಸಿಕೊಂಡೆ, ವಾಸಿಯಾಯ್ತು ಅಂತ ಮಾತ್ರೆ ಬಿಡಬೇಡಿ. ನಾನು ಸೌಖ್ಯವನ್ನ ನಂಬುವವನು. ಆದರೆ ಲೂಕ 5ರಲ್ಲಿ ಯೇಸು ಮುಟ್ಟಿ ಗುಣಪಡಿಸಿದ ಮನುಷ್ಯನನ್ನೂ ಯಾಜಕನಿಗೆ ತೋರಿಸು ಅಂತಲೇ ಕಳಿಸಿದನು. ನಿಜವಾದ ಸೌಖ್ಯ ಲ್ಯಾಬ್ ರಿಪೋರ್ಟಿಗೆ ಹೆದರಲ್ಲ. ಆಮೆನ್ ಹೇಳ್ತೀರಾ?

ತಡೆಯೋದು ಹೇಗೆ? ನಮ್ಮ ದೇಹ ಪವಿತ್ರಾತ್ಮನ ಆಲಯ ಅಂತ 1 ಕೊರಿಂಥ 6 ಕಲಿಸುತ್ತೆ. ಮದುವೆಯ ತನಕ ಕಾಯೋದು, ಮದುವೆಯಲ್ಲಿ ಇಬ್ಬರೂ ನಂಬಿಗಸ್ತರಾಗಿರೋದು, ಇದನ್ನೇ ನಾನು ಸಾರುತ್ತೇನೆ. ಕಾಂಡೋಮ್ ಅಪಾಯ ಕಡಿಮೆ ಮಾಡುತ್ತೆ ಅನ್ನೋದೂ ಸತ್ಯ. ಪುಲ್ಪಿಟ್ ಮೇಲೆ ನಿಂತು ಅದನ್ನ ಸುಳ್ಳು ಅನ್ನಲ್ಲ. ಹೆಪಟೈಟಿಸ್ ಬಿ ಮತ್ತು ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ, ಎರಡಕ್ಕೂ ಲಸಿಕೆ ಇದೆ. ನಿಶ್ಚಿತಾರ್ಥ ಆದವರೇ, ಮದುವೆ ಮಂಟಪ ಬುಕ್ ಮಾಡುವ ಮುಂಚೆ ಇಬ್ಬರೂ ರಕ್ತ ಪರೀಕ್ಷೆ ಮಾಡಿಸಿ. ಇದು ಸಂಶಯ ಅಲ್ಲ, ಪ್ರೀತಿ.

ಸಭೆಗೂ ಒಂದು ಮಾತು. ಯೋಹಾನ 9ರಲ್ಲಿ ಶಿಷ್ಯರು ಕುರುಡನನ್ನ ನೋಡಿ ಇದು ಯಾರ ಪಾಪ ಅಂತ ಕೇಳಿದರು. ಯೇಸು ಆ ಪ್ರಶ್ನೆಯನ್ನೇ ಒಪ್ಪಲಿಲ್ಲ. ನಂಬಿಗಸ್ತ ಹೆಂಡತಿಗೆ ಸೋಂಕು ಬರುತ್ತೆ, ಬಲಾತ್ಕಾರಕ್ಕೆ ಒಳಗಾದವರಿಗೆ ಬರುತ್ತೆ, ಹುಟ್ಟುವ ಮಗುವಿಗೂ ಬರುತ್ತೆ. ತಪ್ಪು ಮಾಡಿದವರಿಗೂ ಕ್ಷಮೆ ಇದೆ. ನಾವು ಗುಸುಗುಸು ಮಾತಾಡಿದ್ರೆ ಇನ್ನೊಬ್ಬರು ಮುಚ್ಚಿಡ್ತಾರೆ.

ಯಾರಾದರೂ ಒಳಗೇ ಹೆದರಿಕೊಂಡು ಕೂತಿದ್ದರೆ, ನಾಳೆ ಸೋಮವಾರ, ಆಸ್ಪತ್ರೆ ತೆರೆದಿರುತ್ತೆ. ಒಬ್ಬರೇ ಹೋಗೋಕೆ ಆಗಲ್ವಾ? ನನಗೆ ಫೋನ್ ಮಾಡಿ, ಬೈಕ್ ತಗೊಂಡು ಬರ್ತೇನೆ, ಜೊತೆಗೆ ಕ್ಯೂನಲ್ಲಿ ಕೂರ್ತೇನೆ. ತಂಗಿಯರ ಜೊತೆ ನನ್ನ ಹೆಂಡತಿ ಬರ್ತಾಳೆ. ಈ ಸಲ ಕೈಯಿಟ್ಟು ಪ್ರಾರ್ಥನೆ ಮಾಡಿ ಸುಮ್ಮನೆ ಕಳಿಸಲ್ಲ.

ಎಲ್ಲರೂ ಕಣ್ಣು ಮುಚ್ಚಿ, ಪ್ರಾರ್ಥಿಸೋಣ.