ರಜೆ ಎಂಬ ಒಪ್ಪಿಗೆ

'ರಜೆ' ನಮ್ಮ ಕನ್ನಡಕ್ಕೆ ಉರ್ದುವಿನ ಬಾಗಿಲಿನಿಂದ ಬಂದ ಮಾತು. ಅದರ ಅರಬ್ಬಿ ಮೂಲವಾದ 'ರಿಜಾ' ಎಂದರೆ ಒಪ್ಪಿಗೆ. 'ಪುರಸೊತ್ತು' ಬಂದದ್ದೂ ಅದೇ ದಾರಿಯಲ್ಲಿ. ಅದರ ಮೂಲ ಅರ್ಥ ಅವಕಾಶ. ಅವಕಾಶ ತಾನಾಗಿ ಒದಗಬಹುದು. ಒಪ್ಪಿಗೆಯನ್ನು ಮಾತ್ರ ಇನ್ನೊಬ್ಬರು ಕೊಡಬೇಕು.

ಇಂದು ವಿಶ್ರಾಂತಿ ಎಂದೊಡನೆ ಕರಾವಳಿಯ ಚಿತ್ರ ಕಣ್ಣಮುಂದೆ ಬರುತ್ತದೆ. ಸಾಲಿಗ್ರಾಮದ ಬಳಿಯ ಹಿನ್ನೀರಿನಲ್ಲಿ, ಕಾಂಡ್ಲಾ ಗಿಡಗಳ ನಡುವೆ, ಕಯಾಕ್ ಎಂಬ ಪುಟ್ಟ ದೋಣಿಯಲ್ಲಿ ತಾವೇ ಹುಟ್ಟು ಹಾಕುತ್ತಾ ಬೆಳ್ಳಕ್ಕಿ, ಮಿಂಚುಳ್ಳಿಗಳನ್ನು ನೋಡುವುದು. ದಣಿದ ಮನಸ್ಸಿಗೆ ಅದು ಬೇಕು. ಅದನ್ನು ಹಳಿಯುವುದು ಸಣ್ಣತನವಾದೀತು. ಆದರೆ ಆ ಸುಖ ಯಾರ ದುಡಿಮೆಯ ಮೇಲೆ ನಿಂತಿದೆ ಎಂದು ಕೇಳಬಾರದೇ?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಿನ ನಮ್ಮ ಸೀಮೆಗೂ ಒಂದು ಕಾಲಕ್ಕೆ ಕಡಲಿತ್ತು. ಶಹಾಬಾದಿನ ಫರಸಿ, ಸಿಮೆಂಟಿಗೆ ಅರೆಯುವ ಸುಣ್ಣಕಲ್ಲು, ಇವೆಲ್ಲ ಕೋಟ್ಯಂತರ ವರ್ಷಗಳ ಹಿಂದೆ ಆಳವಿಲ್ಲದ ಸಮುದ್ರದ ತಳದಲ್ಲಿ ಪದರಪದರವಾಗಿ ಕೂತವು. ಆ ಕಡಲ ತಳವನ್ನು ಇಂದು ನಮ್ಮವರು ಬಿಸಿಲಲ್ಲಿ ಎಬ್ಬಿಸುತ್ತಾರೆ. ಕಡಲಂಚಿನ ಅತಿಥಿಗೃಹದ ಗೋಡೆಗೂ ಸಿಮೆಂಟು ಬೇಕಲ್ಲವೇ? 1948ರ ಕಾರ್ಖಾನೆ ಕಾಯ್ದೆ ಕಾರ್ಮಿಕನಿಗೆ ವಾರದ ರಜೆ ಕೊಟ್ಟಿತು. ಅದೇ ವರ್ಷ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆ ವಿಶ್ರಾಂತಿ ಮತ್ತು ಬಿಡುವನ್ನು ಪ್ರತಿಯೊಬ್ಬರ ಹಕ್ಕೆಂದು ಸಾರಿತು. ಆದರೆ ದಿನಗೂಲಿಯವನಿಗೆ ಕೆಲಸವಿಲ್ಲದ ದಿನವೆಂದರೆ ಕೂಲಿಯಿಲ್ಲದ ದಿನ. ಅದನ್ನು ಯಾವ ಬಾಯಿಂದ ರಜೆ ಎನ್ನೋಣ?

ಹಕ್ಕಿ ನೋಡುವುದು ಹೊಟ್ಟೆ ತುಂಬಿದವರ ಶೋಕಿ ಎನ್ನುವವರಿದ್ದಾರೆ. ನಮಗೆ ಹಾಗನ್ನಿಸುವುದಿಲ್ಲ. ಸಲೀಂ ಅಲಿಯವರು ಬಾಲಕನಾಗಿದ್ದಾಗ ಬಂದೂಕಿನಿಂದ ಒಂದು ಗುಬ್ಬಿಯನ್ನು ಹೊಡೆದರು. ಅದರ ಕೊರಳಲ್ಲಿ ಹಳದಿ ಬಣ್ಣವಿತ್ತು. ಅದೇನೆಂದು ತಿಳಿಯುವ ಹಂಬಲ ಅವರನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲಿಗೆ ಒಯ್ದಿತು. ಮುಂದೆ 1930ರ ದಶಕದ ಆರಂಭದಲ್ಲಿ ಅವರು ನಿಜಾಮರ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ನಮ್ಮ ತಾಲೂಕುಗಳೂ ಅಂದು ಆ ಸಂಸ್ಥಾನಕ್ಕೇ ಸೇರಿದ್ದವು. ಕೊಲ್ಲುವ ಕಣ್ಣು ಕಾಣುವ ಕಣ್ಣಾಗಲು ಸಿರಿತನ ಬೇಕಿಲ್ಲ, ಪುರಸೊತ್ತು ಬೇಕು. ಆ ಪುರಸೊತ್ತು ಕೆಲವರ ಪಾಲಿಗಷ್ಟೇ ಇರುವುದೇ ನಮ್ಮ ತಕರಾರು.

ಕಡಲು ದೂರವಾದರೇನು, ಕಾಗಿಣಾ ನದಿ ಹತ್ತಿರವಿದೆ. ಚಿಂಚೋಳಿಯಲ್ಲಿ ಚಂದ್ರಂಪಳ್ಳಿ ಜಲಾಶಯವಿದೆ. ಅದರ ಸುತ್ತಲ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಅಲ್ಲಿಗೆ ಹೋಗುವವರು ನೆನಪಿಡಬೇಕಾದದ್ದಿಷ್ಟೇ: ಅದು ನಮಗೆ ವಿಹಾರದ ಜಾಗ, ಹಕ್ಕಿಗೆ ಮನೆ, ಸುತ್ತಲ ತಾಂಡಾದವರಿಗೆ ಬದುಕು. ಧ್ವನಿವರ್ಧಕ ಹಚ್ಚಿ, ಪ್ಲಾಸ್ಟಿಕ್ ಚೆಲ್ಲಿ ಬರುವವರು ಯಾರ ಒಪ್ಪಿಗೆಯನ್ನೂ ಕೇಳಿರುವುದಿಲ್ಲ.

ಇನ್ನೊಂದು ಮಾತಿದೆ, ಅದು ಮನೆಯೊಳಗಿನದು. ನಾವು ಹಕ್ಕಿ ನೋಡುತ್ತಾ ನಿಂತಾಗ ಗಾಡಿಯಲ್ಲಿ ಕೂತ ಡ್ರೈವರ್ ಏನು ನೋಡುತ್ತಿರುತ್ತಾನೆ? ನಮ್ಮ ಅಂಗಡಿಯ ಹುಡುಗನಿಗೆ, ಪಾತ್ರೆ ತೊಳೆಯುವ ಅಮ್ಮನಿಗೆ ತಿಂಗಳಲ್ಲಿ ಎಷ್ಟು ದಿನ ಸಂಬಳ ಕಡಿಯದ ಬಿಡುವಿದೆ? ಸರ್ಕಾರವನ್ನೂ ಕಂಪನಿಯನ್ನೂ ಕೇಳುವ ಮುನ್ನ ಈ ಲೆಕ್ಕ ಒಪ್ಪಿಸಬೇಕಾದವರು ನಾವೇ. ಅವರ ರಜೆಗೆ ಒಪ್ಪಿಗೆ ಕೊಡುವ ಅಧಿಕಾರ ನಮ್ಮ ಕೈಯಲ್ಲೇ ಇದೆಯಲ್ಲ.